ಯಾರ ಅವಸರಕ್ಕೆ ಒಡೆದ ನೀರು

ಹೆರಿಗೆ ರಜೆ ಮುಗಿಸಿ ಗಾರ್ಮೆಂಟ್ಸ್ ಫ್ಯಾಕ್ಟರಿಯ ಕೆಲಸಕ್ಕೆ ಮರಳುವ ಹೆಣ್ಣುಮಕ್ಕಳು ಲೈನಿಗೆ ಹೋಗುವ ಮುಂಚೆ ನನ್ನ ಡಿಸ್ಪೆನ್ಸರಿಗೆ ಬರಬೇಕಿತ್ತು. ಫಿಟ್‌ನೆಸ್ ಸರ್ಟಿಫಿಕೇಟ್ ಕೊಟ್ಟು, ತೂಕ, ಬಿ.ಪಿ. ಬರೆಸಿ, ಕೂಸನ್ನು ಕ್ರೆಷ್ ಆಯಾಳ ಕೈಗೆ ಒಪ್ಪಿಸಿ ಮೇಲಿನ ಮಹಡಿಗೆ ಹೋಗುವುದು ಕ್ರಮ. ಯಾರೂ ಅಷ್ಟಕ್ಕೇ ಎದ್ದು ಹೋಗುತ್ತಿರಲಿಲ್ಲ. ಹೆರಿಗೆ ಹೇಗಾಯಿತು ಎಂದು ಹೇಳಿ ಮುಗಿಸಿದರೇ ಅವರಿಗೆ ಸಮಾಧಾನ. ಆ ಕಥೆಗಳಲ್ಲಿ ಒಂದು ಮಾತು ಬೇರೆ ಬೇರೆ ಬಾಯಲ್ಲಿ ಮತ್ತೆ ಮತ್ತೆ ಬರುತ್ತಿತ್ತು: “ನಂಗೆ ನೀರು ತಾನಾಗಿ ಒಡೀಲೇ ಇಲ್ಲ ಸಿಸ್ಟರ್. ಕೊನೆಗೆ ಅವರೇ ಒಡೆದ್ರು.” ಹೇಳುವಾಗ ದನಿ ತಗ್ಗುತ್ತಿತ್ತು. ತನ್ನ ಮೈಯಿಂದ ಆಗಬೇಕಿದ್ದ ಕೆಲಸವೊಂದು ಆಗಲಿಲ್ಲ, ಬೇರೆಯವರು ಮಾಡಿಕೊಡಬೇಕಾಯಿತು ಎಂಬ ಸಂಕೋಚ ಅದರಲ್ಲಿತ್ತು.

ಎಷ್ಟು ಹೊತ್ತಿಗೆ ಅಡ್ಮಿಟ್ ಆದೆ, ಎಷ್ಟು ಹೊತ್ತಿಗೆ ಒಡೆದರು ಎಂದು ಕೇಳಿದರೆ ಬಹಳ ಸಲ ಎರಡಕ್ಕೂ ನಡುವೆ ಅರ್ಧ ಗಂಟೆಯೂ ಇರುತ್ತಿರಲಿಲ್ಲ. ತಾನಾಗಿ ಒಡೆಯಲು ಆ ಮೈಗೆ ಯಾರೂ ಸಮಯವನ್ನೇ ಕೊಟ್ಟಿರಲಿಲ್ಲ. ನೋವು ಚೆನ್ನಾಗಿ ಬರುತ್ತಿತ್ತು, ಮಗುವಿನ ಎದೆಬಡಿತ ಸರಿಯಿತ್ತು, ತಾಯಿ ಕಾರ್ಡಿನಲ್ಲಿ ಗಾಬರಿಪಡುವಂಥದ್ದೇನೂ ಇರಲಿಲ್ಲ. ಆದರೂ ಒಡೆದಿದ್ದರು. ಯಾಕೆ ಎಂದು ಅವರು ಕೇಳಿರಲಿಲ್ಲ, ಯಾರೂ ಹೇಳಿರಲಿಲ್ಲ. ಆ ಹೇಳದೆ ಉಳಿದ ಕಾರಣದ ಜಾಗದಲ್ಲಿ ಹೆಣ್ಣುಮಗಳು ತನ್ನ ಮೈಯ ಕೊರತೆಯನ್ನು ತಂದು ಇಟ್ಟುಕೊಳ್ಳುತ್ತಿದ್ದಳು. ಆ ಕೊರತೆ ನಿಮ್ಮದಲ್ಲ ಎಂದು ಒಬ್ಬೊಬ್ಬರಿಗೇ ಹೇಳುತ್ತಾ ಬಂದವಳು, ಈಗ ಎಲ್ಲರಿಗೂ ಕೇಳುವಂತೆ ಬರೆಯುತ್ತಿದ್ದೇನೆ.

ನಮ್ಮ ಫ್ಯಾಕ್ಟರಿ ಇದ್ದದ್ದು ಬೆಂಗಳೂರಿನ ಪೀಣ್ಯದಲ್ಲಿ. ಆ ಕೈಗಾರಿಕಾ ಪ್ರದೇಶ 1970ರ ದಶಕದ ಕೊನೆಯಲ್ಲಿ ರೂಪುಗೊಂಡಿತು. ಮೊದಲು ಲೇತ್, ಫೌಂಡ್ರಿ, ಪ್ಲೇಟಿಂಗ್ ಶೆಡ್‌ಗಳು; ಆಮೇಲೆ ಸಾಲುಸಾಲು ಗಾರ್ಮೆಂಟ್ಸ್. ನಾನು ಕೆಲಸಕ್ಕೆ ಸೇರಿದಾಗ ತುಮಕೂರು ರಸ್ತೆಯ ಮೇಲೆ ಮೆಟ್ರೋ ಕಂಬಗಳು ಇನ್ನೂ ಎದ್ದಿರಲಿಲ್ಲ. ಬೆಳಿಗ್ಗೆ ಎಂಟರ ಹೊತ್ತಿಗೆ ಜಾಲಹಳ್ಳಿ ಕ್ರಾಸಿನಿಂದ, ದಾಸರಹಳ್ಳಿಯಿಂದ, ಹೆಗ್ಗನಹಳ್ಳಿ, ಲಗ್ಗೆರೆ ಕಡೆಯಿಂದ ಹೆಂಗಸರು ಹಿಂಡುಹಿಂಡಾಗಿ ನಡೆದು ಬರುತ್ತಿದ್ದರು. ಪಾವಗಡ, ಮಧುಗಿರಿ, ಶಿರಾದವರು ಹೆಚ್ಚು. ರಾಯಚೂರು, ಕಲಬುರಗಿಯವರೂ ಇದ್ದರು. ಕೊನೆಕೊನೆಗೆ ಒಡಿಶಾ, ಜಾರ್ಖಂಡ್‌ನ ಹುಡುಗಿಯರೂ ಬಂದರು. 1948ರ ಕಾರ್ಖಾನೆಗಳ ಕಾಯ್ದೆಯ ಪ್ರಕಾರ 500ಕ್ಕಿಂತ ಹೆಚ್ಚು ಜನ ದುಡಿಯುವ ಕಡೆ ಆಂಬ್ಯುಲೆನ್ಸ್ ರೂಮು ಇರಬೇಕಿತ್ತು, 30ಕ್ಕಿಂತ ಹೆಚ್ಚು ಹೆಂಗಸರಿದ್ದರೆ ಕ್ರೆಷ್ ಇರಬೇಕಿತ್ತು. ಆ ಕಾಯ್ದೆಯಿಂದಲೇ ನನ್ನಂಥ ನರ್ಸಿಗೆ ಅಲ್ಲಿ ಒಂದು ಮೇಜು, ಎರಡು ಮಂಚ, ಒಂದು ಬೀರು ಸಿಕ್ಕಿದ್ದು. ಸೂಜಿ ಹೊಕ್ಕ ಬೆರಳು, ತಲೆಸುತ್ತು, ಮುಟ್ಟಿನ ಹೊಟ್ಟೆನೋವು ದಿನದ ಕೆಲಸ. ಬಸುರಿ, ಬಾಣಂತಿಯರ ಮಾತು ಅದರ ನಡುವೆಯೇ.

ಅದಕ್ಕೂ ಮುಂಚೆ ನಾನು ಲೇಬರ್ ವಾರ್ಡಿನಲ್ಲಿದ್ದವಳು. ಜಿ.ಎನ್.ಎಂ. ಓದುವಾಗ ದೊಡ್ಡದೊಂದು ಸರ್ಕಾರಿ ಹೆರಿಗೆ ಆಸ್ಪತ್ರೆಯಲ್ಲಿ ನಮಗೆ ಪೋಸ್ಟಿಂಗ್. ಅಲ್ಲಿ ಮಂಗಳೂರು ಕಡೆಯ ಹಿರಿಯ ಸಿಸ್ಟರ್ ಒಬ್ಬರಿದ್ದರು. ಎ.ಆರ್.ಎಂ. ಎಂದು ವಾರ್ಡಿನಲ್ಲಿ ನಾವು ಕರೆಯುವ, ನೀರು ಒಡೆಯುವ ಈ ಕೆಲಸವನ್ನು ಅವರು ಕಲಿಸಿದ ರೀತಿ ಇಂದಿಗೂ ಕಣ್ಣಿಗೆ ಕಟ್ಟಿದೆ. ಕಿಡ್ನಿ ಟ್ರೇಯಲ್ಲಿ ತುದಿಗೆ ಹಲ್ಲಿರುವ ಕಾಕರ್ಸ್ ಫೋರ್ಸೆಪ್ಸ್, ಸ್ಟೆರೈಲ್ ಗ್ಲೌಸ್, ಹತ್ತಿ. ಅವರು ಮೊದಲು ಹೊಟ್ಟೆಯ ಮೇಲೆ ಕೈಯಿಡುತ್ತಿದ್ದರು. “ತಲೆ ಕೂತಿದೆಯಾ ನೋಡು. ತೇಲುತ್ತಾ ಇದ್ದರೆ ಇಕ್ಕಳ ಮುಟ್ಟಲೇಬೇಡ” ಎನ್ನುತ್ತಿದ್ದರು. ಒಳಗೆ ಬೆರಳಿಟ್ಟು, ಉಬ್ಬಿದ ನೀರಿನ ಚೀಲದ ಪೊರೆಯ ಹಿಂದೆ ಹೊಕ್ಕುಳಬಳ್ಳಿ ಮಿಡಿಯುತ್ತಿಲ್ಲವೆಂದು ಖಾತ್ರಿ ಮಾಡಿಕೊಳ್ಳಬೇಕು. ಒಂದು ನೋವು ಹೋಗಿ ಇನ್ನೊಂದು ಬರುವ ನಡುವೆ ಪೊರೆಯನ್ನು ಸಣ್ಣಗೆ ಹರಿಯಬೇಕು. ನೀರು ಒಮ್ಮೆಲೇ ರಭಸದಿಂದ ನುಗ್ಗದಂತೆ ಬೆರಳನ್ನು ಅಲ್ಲೇ ಇಟ್ಟು ಮೆಲ್ಲಗೆ ಇಳಿಯಲು ಬಿಡಬೇಕು. ಬಳ್ಳಿ ಜಾರಿ ಕೆಳಗೆ ಬಂದಿಲ್ಲ ಎಂದು ನೋಡಿದ ಮೇಲೆಯೇ ಕೈ ಹೊರಗೆ. ಆಮೇಲೆ ಫೀಟೋಸ್ಕೋಪ್ ಇಟ್ಟು ಕೂಸಿನ ಎದೆಬಡಿತ ಎಣಿಸಬೇಕು. ಕೊನೆಗೆ ನೀರಿನ ಬಣ್ಣ: ತಿಳಿಯಾಗಿದೆಯೋ, ಹಸಿರಾಗಿದೆಯೋ, ರಕ್ತ ಬೆರೆತಿದೆಯೋ. ಹಸಿರಾದರೆ ಕೂಸು ಒಳಗೇ ಮಲ ಹಾಕಿದೆ ಎಂದರ್ಥ, ಅದರ ಮೇಲೆ ಕಣ್ಣಿಡಬೇಕು.

ಪೊರೆಗೆ ನರಗಳಿಲ್ಲ, ಹರಿಯುವುದು ನೋಯುವುದಿಲ್ಲ. ಆದರೆ ಆ ಪರೀಕ್ಷೆ ನೋಯುತ್ತದೆ, ಆಮೇಲೆ ಬರುವ ಬೇನೆ ಇನ್ನೂ ಜೋರು. ಒಂಬತ್ತು ತಿಂಗಳು ತುಂಬಿದಾಗ ಚೀಲದಲ್ಲಿ ಅರ್ಧ ಲೀಟರಿಗೂ ಮಿಕ್ಕಿ ನೀರಿರುತ್ತದೆ. ತಲೆಯ ಮುಂದೆ ನಿಂತ ನೀರು ಬೇನೆಯ ಒತ್ತಡವನ್ನು ಎಲ್ಲ ಕಡೆಗೂ ಹಂಚುತ್ತದೆ. ಬಳ್ಳಿ ನಲುಗದಂತೆ ಕಾಯುತ್ತದೆ. ಹೊರಗಿನ ಸೋಂಕು ಮೇಲೇರದಂತೆ ಪೊರೆ ತಡೆಯುತ್ತದೆ. ಒಡೆದ ಮೇಲೆ ತಲೆ ನೇರವಾಗಿ ಗರ್ಭದ ಬಾಯಿಯ ಮೇಲೆ ಒತ್ತುತ್ತದೆ, ಬೇನೆ ಬಿಗಿಯಾಗುತ್ತದೆ. ಆ ಬಿಗಿ ಬೇಕಾದಾಗ ಇದು ಒಳ್ಳೆಯ ಚಿಕಿತ್ಸೆ. ಹೆರಿಗೆ ನಿಂತುಹೋದಾಗ, ನೋವು ಬರಿಸಲೇಬೇಕಾದಾಗ, ನೀರಿನ ಬಣ್ಣ ತಿಳಿಯುವುದು ಮುಖ್ಯವಾದಾಗ ಮಾಡಬೇಕು. ತಾಯಿಗೆ ಎಚ್.ಐ.ವಿ. ಇದ್ದರೆ ಚೀಲವನ್ನು ಆದಷ್ಟು ಹೊತ್ತು ಉಳಿಸಿಕೊಳ್ಳಬೇಕು ಎಂದು ನಮಗೆ ಬೇರೆಯಾಗಿಯೇ ಪಾಠ ಮಾಡಿದ್ದರು. ಯಾರೂ ಮುಟ್ಟದೆ ಬಿಟ್ಟರೆ ಹೆಚ್ಚಿನವರಲ್ಲಿ ಗರ್ಭದ ಬಾಯಿ ಪೂರ್ತಿ ತೆರೆದುಕೊಳ್ಳುವ ಹೊತ್ತಿಗೆ ನೀರು ತಾನಾಗಿಯೇ ಒಡೆಯುತ್ತದೆ. ಅಡ್ಮಿಟ್ ಆದ ಕೂಡಲೇ ಒಡೆದಿಲ್ಲವೆಂದರೆ ಎಲ್ಲವೂ ಅದರ ಪಾಡಿಗೆ ಸರಿಯಾಗಿ ನಡೆಯುತ್ತಿದೆ ಎಂದೇ ಅರ್ಥ. ನಮ್ಮ ಹುಡುಗಿಯರಿಗೆ ಯಾರೂ ಹೇಳದೆ ಇದ್ದದ್ದು ಈ ಒಂದು ಮಾತು.

ಓದು ಮುಗಿಸಿ ನಾನು ಸೇರಿದ್ದು ತುಮಕೂರು ರಸ್ತೆಗೆ ಹತ್ತಿರದ ಒಂದು ನರ್ಸಿಂಗ್ ಹೋಮ್. ಕಲಿತದ್ದಕ್ಕೂ ಅಲ್ಲಿ ಕಂಡದ್ದಕ್ಕೂ ಅಂತರವಿತ್ತು. ಎನಿಮಾ, ಶೇವಿಂಗ್, ಡ್ರಿಪ್, ಎ.ಆರ್.ಎಂ. – ಒಳಗೆ ಬಂದವರಿಗೆಲ್ಲ ಇದೇ ಸಾಲು. ಕೇಸ್ ಶೀಟಿನಲ್ಲಿ ‘ಎ.ಆರ್.ಎಂ. ಮಾಡಲಾಗಿದೆ, ನೀರು ತಿಳಿ’ ಎಂದು ಬರೆಯುತ್ತಿದ್ದೆವು, ಗಂಟೆ ಬರೆಯುತ್ತಿದ್ದೆವು. ಯಾಕೆ ಮಾಡಿದ್ದು ಎಂದು ಬರೆಯಲು ಆ ಹಾಳೆಯಲ್ಲಿ ಜಾಗವೇ ಇರಲಿಲ್ಲ. ನಾಲ್ಕು ಮಂಚಕ್ಕೆ ಒಬ್ಬಳು ಸಿಸ್ಟರ್, ಒಬ್ಬಳು ಆಯಾ. ಡಾಕ್ಟರಮ್ಮನಿಗೆ ಸಂಜೆ ಇನ್ನೊಂದು ಕಡೆ ಓ.ಪಿ.ಡಿ., ರಾತ್ರಿ ಮತ್ತೊಂದು ಕಡೆ ಆಪರೇಷನ್. ಹೆರಿಗೆಗಳು ಆ ಸಂದಿಯಲ್ಲಿ ಮುಗಿಯಬೇಕಿತ್ತು.

ನನ್ನ ಚೊಚ್ಚಲ ಹೆರಿಗೆಯೂ ಇಂಥದ್ದೇ ಇನ್ನೊಂದು ನರ್ಸಿಂಗ್ ಹೋಮಿನಲ್ಲಾಯಿತು. ನಸುಕಿನಲ್ಲಿ ಬೇನೆ ಶುರು. ಮಧ್ಯಾಹ್ನದ ಹೊತ್ತಿಗೆ ಬಾಯಿ 5 ಸೆಂಟಿಮೀಟರ್ ತೆರೆದಿತ್ತು. ಶಿರಾದಿಂದ ಬಂದಿದ್ದ ಅಮ್ಮ ನನ್ನ ಜೊತೆ ವರಾಂಡದಲ್ಲಿ ಹೆಜ್ಜೆ ಹಾಕುತ್ತಿದ್ದಳು. ಬೇನೆ ಬಂದಾಗ ಕಿಟಕಿಯ ಸರಳು ಹಿಡಿದು ಬಗ್ಗುತ್ತಿದ್ದೆ, ಅವಳು ಸೊಂಟ ಒತ್ತುತ್ತಿದ್ದಳು. ಹೋದಾಗ ಜೀರಿಗೆ ಕಷಾಯ ಒಂದು ಗುಟುಕು ಕುಡಿಸಿ, ತಮ್ಮನ ಮದುವೆಯ ಮಾತು ಮುಂದುವರಿಸುತ್ತಿದ್ದಳು. ಬೇನೆಗಳ ನಡುವೆ ಮೂರು ನಾಲ್ಕು ನಿಮಿಷ ಬಿಡುವಿತ್ತು. ಆ ಬಿಡುವಿನಲ್ಲಿ ನಾನು ನಾನಾಗಿಯೇ ಇದ್ದೆ, ನಕ್ಕೆ ಕೂಡ.

ಆಮೇಲೆ ಡಾಕ್ಟರ್ ಬಂದರು. ಅಮ್ಮನನ್ನು ಹೊರಗೆ ಕಳಿಸಿದರು. “ಒಂದ್ಸಲ ನೋಡ್ತೀನಿ, ಕಾಲು ಮಡಚಮ್ಮ” ಎಂದರು. ಟ್ರೇಯಲ್ಲಿ ಸ್ಟೀಲಿಗೆ ಸ್ಟೀಲು ತಾಗಿದ ಸದ್ದು ಕೇಳಿಸಿತು. ಆ ಸದ್ದು ಏನೆಂದು ಆ ಕೋಣೆಯಲ್ಲಿ ಮಲಗಿದವಳಿಗೆ ಗೊತ್ತು ಎಂಬುದು ಅವರ ಗಮನಕ್ಕೆ ಬಂದಿರಲಿಕ್ಕಿಲ್ಲ. “ಮೇಡಂ, ಒಡೀತಿದ್ದೀರಾ?” ಎಂದು ಕೇಳುವಷ್ಟರಲ್ಲಿ ತೊಡೆಯ ಕೆಳಗೆ ಬೆಚ್ಚಗೆ ಹರಿದಿತ್ತು. “ಕ್ಲಿಯರ್ ಇದೆ, ಬರ್ಕೋ. ಡ್ರಿಪ್ ಹಾಕು” ಎಂದು ಸಿಸ್ಟರ್‌ಗೆ ಹೇಳಿ, ನನ್ನ ಭುಜ ತಟ್ಟಿ, “ಬೇಗ ಆಗೋಗುತ್ತೆ ಬಿಡಮ್ಮ” ಎಂದು ಹೋದರು.

ಬದಲಾದದ್ದು ಬೇನೆಯ ಜೋರು ಮಾತ್ರವಲ್ಲ. ನಡುವಿನ ಬಿಡುವು ಹೋಯಿತು. ಒಂದು ಇಳಿಯುವ ಮೊದಲೇ ಇನ್ನೊಂದು ಏರುತ್ತಿತ್ತು. ಕೈಗೆ ಸೂಜಿ ಚುಚ್ಚಿದ್ದರಿಂದ ಎದ್ದು ಓಡಾಡುವ ಹಾಗಿಲ್ಲ. ಕಷಾಯವೂ ಇಲ್ಲ, ಮಾತೂ ಇಲ್ಲ, ಅಮ್ಮನೂ ಇಲ್ಲ. ಸಂಜೆಗೆ ಮಗಳು ಹುಟ್ಟಿದಳು. ಮೂರು ಕೆ.ಜಿ., ಗಟ್ಟಿ ಅಳು, ಆರೋಗ್ಯವಂತ ಕೂಸು. ಆ ಡಾಕ್ಟರ್ ಕೆಟ್ಟವರಲ್ಲ. ಹೊಲಿಗೆ ಹಾಕುವಾಗ ಬಹಳ ಮೃದುವಾಗಿದ್ದರು, ಬಿಲ್ಲಿನಲ್ಲೂ ಬಿಟ್ಟುಕೊಟ್ಟರು. ಹಾಗಿದ್ದೂ ಆ ಮಧ್ಯಾಹ್ನ ನನ್ನಿಂದ ಏನೋ ಕಿತ್ತುಕೊಂಡರು ಎಂಬ ಭಾವ ನನಗೆ ಇಂದಿಗೂ ಹೋಗಿಲ್ಲ. ತಾಯಿಯೂ ಮಗುವೂ ಚೆನ್ನಾಗಿದ್ದರೆ ಇನ್ನೇನು ಬೇಕು ಎನ್ನುತ್ತಾರೆ. ಚೆನ್ನಾಗಿರುವುದು ಮೊದಲು ಬೇಕು, ಸರಿ. ಅದರ ಜೊತೆಗೆ, ನನ್ನ ಮೈಗೆ ಏನು ಮಾಡುತ್ತಿದ್ದೀರಿ ಎಂದು ಮಾಡುವ ಮುಂಚೆ ತಿಳಿಯುವುದೂ ಬೇಕು. ಒಂದು ಸಿಕ್ಕಿತೆಂದು ಇನ್ನೊಂದನ್ನು ಬಿಟ್ಟುಕೊಡಬೇಕಾಗಿಲ್ಲ.

ಫ್ಯಾಕ್ಟರಿಯಲ್ಲಿ ಕೇಳಿದ ಕಥೆಗಳು ನನಗೆ ತಟ್ಟಿದ್ದು ಇದರಿಂದಲೇ. ಪಾವಗಡದ ಟೈಲರ್ ಒಬ್ಬಳು ತನ್ನ ಹೆರಿಗೆಯ ಬಗ್ಗೆ ಹೇಳಿದ್ದಳು: “ಗೋಡೆ ಮೇಲೆ ಗಡಿಯಾರ, ಕೈಯಲ್ಲಿ ಒಂದು ಗ್ರಾಫ್ ಹಾಳೆ. ನಮ್ ಲೈನಲ್ಲಿ ಗಂಟೆಗೆ ಇಷ್ಟ್ ಪೀಸು ಅಂತ ಬೋರ್ಡ್ ಮೇಲೆ ಬರೀತಾರಲ್ಲ ಸಿಸ್ಟರ್, ಅಲ್ಲೂ ಹಂಗೇ ಬರ್ಕೊಂತಿದ್ರು. ನಾನು ಟಾರ್ಗೆಟ್ ಮುಟ್ಲಿಲ್ಲ.” ಅವಳು ಕಂಡದ್ದು ಪಾರ್ಟೋಗ್ರಾಫ್. ಗಂಟೆಗೆ ಒಂದು ಸೆಂಟಿಮೀಟರ್ ತೆರೆಯಬೇಕು ಎಂಬ ಗೆರೆ ಅದರಲ್ಲಿ ಇರುತ್ತಿತ್ತು. ಅವಳ ಮಾತು ಕೇಳಿ ನಾನು ಹಳೆಯ ಪಠ್ಯಪುಸ್ತಕ ತೆಗೆದೆ, ಮುಂದೆ ಓದುತ್ತಾ ಹೋದೆ.

ಆ ಗೆರೆಯ ಹಿಂದೆ ಒಂದು ಚರಿತ್ರೆಯಿದೆ. 1950ರ ದಶಕದಲ್ಲಿ ಅಮೆರಿಕದ ಇಮ್ಯಾನ್ಯುಯಲ್ ಫ್ರೀಡ್‌ಮನ್ ಹೆರಿಗೆಯ ವೇಗವನ್ನು ಮೊದಲ ಬಾರಿ ಗ್ರಾಫಿನ ಮೇಲೆ ಇಳಿಸಿದರು. 1972ರಲ್ಲಿ ಇಂದಿನ ಜಿಂಬಾಬ್ವೆಯಲ್ಲಿ ಫಿಲ್ಪಾಟ್ ಮತ್ತು ಕ್ಯಾಸಲ್ ಅದಕ್ಕೆ ಎಚ್ಚರಿಕೆಯ ಗೆರೆ ಹಾಕಿದರು. ದೂರದ ಹಳ್ಳಿಯ ಕೇಂದ್ರಗಳಲ್ಲಿ ಸಿಕ್ಕಿಬಿದ್ದ ಹೆಂಗಸರನ್ನು ಸಕಾಲಕ್ಕೆ ದೊಡ್ಡಾಸ್ಪತ್ರೆಗೆ ಕಳಿಸಲು ಮಾಡಿದ ಒಳ್ಳೆಯ ಕೆಲಸ ಅದು. ಇವೆರಡರ ನಡುವೆ, 1969ರಲ್ಲಿ, ಐರ್ಲೆಂಡಿನ ಡಬ್ಲಿನ್ ನಗರದ ನ್ಯಾಷನಲ್ ಮೆಟರ್ನಿಟಿ ಆಸ್ಪತ್ರೆಯ ಕೀರನ್ ಒ’ಡ್ರಿಸ್ಕಾಲ್ ಚೊಚ್ಚಲ ಹೆರಿಗೆಗಳು ದಿನಗಟ್ಟಲೆ ಎಳೆಯದಂತೆ ಒಂದು ಪದ್ಧತಿ ಪ್ರಕಟಿಸಿದರು. ಹೆರಿಗೆ ಶುರುವಾಗಿದೆಯೆಂದು ಖಾತ್ರಿಯಾದ ಮೇಲೆ ಬೇಗ ನೀರು ಒಡೆಯುವುದು, ವೇಗ ಸಾಲದಿದ್ದರೆ ಬೇನೆ ಹೆಚ್ಚಿಸುವ ಆಕ್ಸಿಟೋಸಿನ್ ಡ್ರಿಪ್ ಕೊಡುವುದು. ಆ ಪದ್ಧತಿಗೆ ಇನ್ನೊಂದು ಕಂಬವಿತ್ತು: ಪ್ರತಿಯೊಬ್ಬ ಹೆಂಗಸಿನ ಪಕ್ಕದಲ್ಲಿ ಮೊದಲಿನಿಂದ ಕೊನೆಯವರೆಗೆ ಅವಳಿಗೆಂದೇ ಒಬ್ಬ ನರ್ಸ್. ಜಗತ್ತು ಡಬ್ಲಿನ್‌ನಿಂದ ಇಕ್ಕಳವನ್ನೂ ಡ್ರಿಪ್ಪನ್ನೂ ತೆಗೆದುಕೊಂಡಿತು, ನರ್ಸನ್ನು ಅಲ್ಲೇ ಬಿಟ್ಟಿತು. ನಾಲ್ಕು ಮಂಚಕ್ಕೆ ಒಬ್ಬಳೇ ಸಿಸ್ಟರ್ ಆಗಿ ಓಡಾಡಿದ ನನಗೆ ಇದನ್ನು ಓದಿದಾಗ ಸಿಟ್ಟೂ ಬಂತು, ದುಃಖವೂ ಆಯಿತು.

ಆಮೇಲೆ ಲೆಕ್ಕಗಳು ಬಂದವು. 2013ರ ಕಾಕ್ರೇನ್ ಪರಾಮರ್ಶೆ 15 ಅಧ್ಯಯನಗಳ 5,583 ಹೆಂಗಸರ ಹೆರಿಗೆಗಳನ್ನು ಒಟ್ಟಿಗೆ ನೋಡಿತು. ತಾನಾಗಿ ಶುರುವಾದ ಹೆರಿಗೆಯಲ್ಲಿ ಸುಮ್ಮನೆ ನೀರು ಒಡೆಯುವುದರಿಂದ ಬಾಯಿ ತೆರೆಯುವ ಹಂತ ಚಿಕ್ಕದಾಗುತ್ತದೆ ಎಂಬುದಕ್ಕೆ ಸ್ಪಷ್ಟ ಆಧಾರ ಸಿಗಲಿಲ್ಲ. ಇದನ್ನು ಎಲ್ಲರಿಗೂ ಮಾಡುವ ವಾಡಿಕೆಯಾಗಿ ಇಟ್ಟುಕೊಳ್ಳಬಾರದು ಎಂದಿತು. ಬೇಗ ಒಡೆದು, ಬೇಗ ಆಕ್ಸಿಟೋಸಿನ್ನೂ ಹಾಕಿದರೆ ಹೆರಿಗೆ ಸರಾಸರಿ ಒಂದು ಗಂಟೆಗಿಂತ ಸ್ವಲ್ಪ ಹೆಚ್ಚು ಬೇಗ ಮುಗಿಯಬಹುದು ಎಂದು ಇನ್ನೊಂದು ಪರಾಮರ್ಶೆ ಹೇಳಿತು. ಅದನ್ನೂ ತೂಗಿ ನೋಡಿದ ವಿಶ್ವ ಆರೋಗ್ಯ ಸಂಸ್ಥೆ 2018ರಲ್ಲಿ ಹೆರಿಗೆಯ ಹೊತ್ತಿನ ಆರೈಕೆಗೆ 56 ಶಿಫಾರಸುಗಳನ್ನು ಕೊಟ್ಟಿತು. ತಡವಾಗದಿರಲಿ ಎಂಬ ಒಂದೇ ಕಾರಣಕ್ಕೆ ನೀರು ಒಡೆಯುವುದನ್ನು, ಒಡೆದು ಡ್ರಿಪ್ ಹಾಕುವುದನ್ನು ಅದು ಶಿಫಾರಸು ಮಾಡಲಿಲ್ಲ. ಗಂಟೆಗೆ ಒಂದು ಸೆಂಟಿಮೀಟರ್ ಎಂಬುದು ಎಷ್ಟೋ ಹೆಂಗಸರಿಗೆ ಅತಿಯಾದ ವೇಗ, ಅದನ್ನೇ ಹಿಡಿದು ಕೈ ಹಾಕಬಾರದು ಎಂದಿತು. ಚೊಚ್ಚಲಿನಲ್ಲಿ 5 ಸೆಂಟಿಮೀಟರ್ ಆದ ಮೇಲೆ ಪೂರ್ತಿ ತೆರೆಯಲು 12 ಗಂಟೆಯವರೆಗೂ, ಮುಂದಿನ ಹೆರಿಗೆಗಳಲ್ಲಿ 10 ಗಂಟೆಯವರೆಗೂ ಹಿಡಿಯಬಹುದು. ಪಾವಗಡದ ಹುಡುಗಿ ಮುಟ್ಟದೆ ಹೋದ ಟಾರ್ಗೆಟ್ ಅವಳಿಗೆ ಸಲ್ಲದ ಟಾರ್ಗೆಟ್ ಆಗಿತ್ತು. ನಾನು ಅವಳನ್ನು ಊಟದ ಬಿಡುವಿನಲ್ಲಿ ಕರೆದು ಇದನ್ನು ಹೇಳಿದೆ. “ಅಂಗಾದ್ರೆ ನಾನು ಸರಿಯಾಗೇ ಇದ್ನಾ?” ಎಂದು ಅವಳು ಎರಡು ಸಲ ಕೇಳಿದಳು.

ಆಸ್ಪತ್ರೆಯೇ ಬೇಡ, ಹಿಂದಿನವರ ಹಾಗೆ ಮನೆಯಲ್ಲೇ ಹೆತ್ತರೆ ಚೆನ್ನ ಎಂದು ಈ ಮಾತುಗಳನ್ನು ಯಾರಾದರೂ ಅರ್ಥ ಮಾಡಿಕೊಂಡರೆ ನನಗೆ ಸಂಕಟವಾಗುತ್ತದೆ. ಪಾವಗಡ ತಾಲ್ಲೂಕಿನ ಕೃಷ್ಣಾಪುರದ ಸೂಲಗಿತ್ತಿ ನರಸಮ್ಮನವರ ಹೆಸರನ್ನು ನಮ್ಮ ಹುಡುಗಿಯರು ಕೈಮುಗಿದು ಹೇಳುತ್ತಿದ್ದರು. ಕಾಸು ಕೇಳದೆ 15,000ಕ್ಕೂ ಹೆಚ್ಚು ಹೆರಿಗೆ ಮಾಡಿಸಿದ ಆ ತಾಯಿಗೆ 2018ರಲ್ಲಿ ಪದ್ಮಶ್ರೀ ಬಂತು, ಅದೇ ವರ್ಷದ ಡಿಸೆಂಬರ್‌ನಲ್ಲಿ ಬೆಂಗಳೂರಿನಲ್ಲಿ ತೀರಿಕೊಂಡರು. ಅಂಥವರ ಕೈಗುಣಕ್ಕೂ ತಾಳ್ಮೆಗೂ ನಾನು ತಲೆಬಾಗುತ್ತೇನೆ. ಆದರೆ ಎಲ್ಲ ಹಳ್ಳಿಗೂ ಒಬ್ಬ ನರಸಮ್ಮ ಇರಲಿಲ್ಲ, ಇದ್ದ ಕಡೆಯೂ ರಕ್ತ ಕೊಡುವ ವ್ಯವಸ್ಥೆ ಇರಲಿಲ್ಲ. 2001–03ರಲ್ಲಿ ಕರ್ನಾಟಕದಲ್ಲಿ ಲಕ್ಷ ಜೀವಂತ ಜನನಕ್ಕೆ 228 ತಾಯಂದಿರು ಸಾಯುತ್ತಿದ್ದರು. 2018–20ರ ಹೊತ್ತಿಗೆ ಅದು 69ಕ್ಕೆ ಇಳಿಯಿತು. ಈ ಬದುಕಿದ ಜೀವಗಳು ಆಸ್ಪತ್ರೆಯ, 108ರ, ಆಶಾ ಕಾರ್ಯಕರ್ತೆಯರ, ಲೇಬರ್ ವಾರ್ಡಿನಲ್ಲಿ ನಿದ್ದೆಗೆಟ್ಟ ಡಾಕ್ಟರ್, ಸಿಸ್ಟರ್‌ಗಳ ದುಡಿಮೆಯಿಂದ ಉಳಿದವು. ರಾಜ್ಯದ ನೂರು ಹೆರಿಗೆಗಳಲ್ಲಿ 97 ಆಸ್ಪತ್ರೆಯಲ್ಲೇ ಆಗುತ್ತಿದ್ದವು ಎಂದು 2019–21ರ ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಹೇಳಿತು. ಅವುಗಳಲ್ಲಿ 31ಕ್ಕೂ ಹೆಚ್ಚು ಸಿಜೇರಿಯನ್. ಎಲ್ಲರೂ ಒಳಗೆ ಬಂದಾಗಿದೆ. ಒಳಗೆ ಬಂದವರನ್ನು ಹೇಗೆ ನೋಡಿಕೊಳ್ಳುತ್ತೇವೆ ಎಂಬುದು ಇನ್ನು ಮುಂದಿನ ಪ್ರಶ್ನೆ.

ಬೇರೆ ರೀತಿಯಲ್ಲಿ ನಡೆಯುವುದನ್ನೂ ನಾನು ಕಂಡಿದ್ದೇನೆ. ನನ್ನ ತಂಗಿ ಎಲೆಕ್ಟ್ರಾನಿಕ್ ಸಿಟಿಯಲ್ಲಿ ಕೆಲಸದಲ್ಲಿದ್ದಳು, ಹೆರಿಗೆ ಅದೇ ಕಡೆಯ ಆಸ್ಪತ್ರೆಯಲ್ಲಿ. ನನ್ನನ್ನು ಜೊತೆಗಾತಿಯಾಗಿ ಒಳಗೆ ಬಿಟ್ಟರು. ಅಡ್ಮಿಟ್ ಆದಾಗ ಅಲ್ಲಿನ ಡಾಕ್ಟರ್ ಪರೀಕ್ಷೆ ಮಾಡಿ, “ಪೊರೆ ಇದೆ, ಇರಲಿ. ಮಗು ಆರಾಮಾಗಿದೆ. ನೀವು ಓಡಾಡ್ಕೊಂಡಿರಿ, ನೀರು ಕುಡೀರಿ” ಎಂದರು. ಹೊತ್ತು ಹೋಯಿತು. 6 ಸೆಂಟಿಮೀಟರಿಗೆ ಬಂದದ್ದು ಅಲ್ಲೇ ನಿಂತಿತು. ಐದು ಗಂಟೆ ದಾಟಿದರೂ ಕದಲಲಿಲ್ಲ, ಬೇನೆ ಸಡಿಲವಾಗುತ್ತಾ ಬಂತು, ತಂಗಿ ಸೋತಿದ್ದಳು. ಆಗ ಡಾಕ್ಟರ್ ಸ್ಟೂಲ್ ಎಳೆದುಕೊಂಡು ಅವಳ ಮುಖದ ಮಟ್ಟಕ್ಕೆ ಕೂತರು.

“ನೋಡಮ್ಮ, ತುಂಬ ಹೊತ್ತಿನಿಂದ ಮುಂದಕ್ಕೆ ಹೋಗ್ತಿಲ್ಲ. ಮಗುವಿನ ತಲೆ ಚೆನ್ನಾಗಿ ಇಳಿದಿದೆ. ನೀರು ಒಡೆದರೆ ನೋವು ಜೋರಾಗಿ ಬಾಯಿ ತೆರೆಯೋಕೆ ಸಹಾಯ ಆಗಬಹುದು. ಇಲ್ಲ, ಇನ್ನೊಂದು ಗಂಟೆ ಕಾಯ್ತೀನಿ ಅಂದ್ರೂ ಮಗುವಿನ ಎದೆಬಡಿತ ನೋಡ್ಕೊಂಡು ಕಾಯಬಹುದು. ಒಡೆದ ಮೇಲೆ ನೋವು ಜಾಸ್ತಿ ಆಗುತ್ತೆ, ಅದನ್ನ ಮೊದಲೇ ಹೇಳ್ತಿದ್ದೀನಿ. ಏನ್ಮಾಡೋಣ?”

ತಂಗಿ ನನ್ನ ಮುಖ ನೋಡಿದಳು. “ಅಕ್ಕ, ನೀನೇನಂತೀಯ?” ನಾನು ನನಗೆ ತಿಳಿದದ್ದನ್ನು ಹೇಳಿದೆ, ನಿರ್ಧಾರ ಅವಳಿಗೇ ಬಿಟ್ಟೆ. ಸ್ವಲ್ಪ ಹೊತ್ತು ಕಣ್ಣು ಮುಚ್ಚಿದ್ದು, ಒಂದು ಬೇನೆ ಹೋದ ಮೇಲೆ, “ಒಡೀರಿ ಡಾಕ್ಟ್ರೇ” ಎಂದಳು. ಅದೇ ಇಕ್ಕಳ, ಅದೇ ಟ್ರೇ. ಆಮೇಲೆ ಬೇನೆ ಜೋರಾಗಿಯೇ ಬಂತು, ಅವಳು ಕೂಗಿದಳು, ನನ್ನ ಮಣಿಕಟ್ಟಿನಲ್ಲಿ ಅವಳ ಉಗುರಿನ ಗುರುತು ಮೂಡಿತು. ಆದರೆ ಅವಳು ಹೆದರಲಿಲ್ಲ. ಬರಲಿರುವುದು ಏನೆಂದು ಗೊತ್ತಿತ್ತು, ಅದನ್ನು ತಾನೇ ಕರೆದಿದ್ದಳು. ಗಂಡು ಕೂಸು ಹುಟ್ಟಿತು. ಇಂದಿಗೂ ತಂಗಿ ಆ ಹೆರಿಗೆಯ ಬಗ್ಗೆ ಹೇಳುವಾಗ, “ನಾನು ಒಡೆಸಿದೆ” ಎನ್ನುತ್ತಾಳೆ.

ಅಲ್ಲಿ ಡಾಕ್ಟರ್ ಐದು ಗಂಟೆಯ ಲೆಕ್ಕ ಹಿಡಿದದ್ದು ಅಂದಾಜಿನಿಂದಲ್ಲ. ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಹಳೆಯ ಪಾರ್ಟೋಗ್ರಾಫ್ ಬದಲಿಗೆ ಹೊರತಂದ ‘ಲೇಬರ್ ಕೇರ್ ಗೈಡ್’ ಹಾಳೆಯಲ್ಲಿ ಒಂದೊಂದು ಸೆಂಟಿಮೀಟರಿಗೂ ಬೇರೆ ಬೇರೆ ಗಡುವಿದೆ: 5ರಲ್ಲಿ 6 ಗಂಟೆ, 6ರಲ್ಲಿ 5 ಗಂಟೆ, 7ರಲ್ಲಿ 3 ಗಂಟೆ. ಅಷ್ಟು ಹೊತ್ತು ಕದಲದಿದ್ದರೆ ಎಚ್ಚರ ವಹಿಸಬೇಕು. ಅದೇ ಹಾಳೆಯಲ್ಲಿ ಜೊತೆಗೆ ಯಾರಿದ್ದಾರೆ, ಕುಡಿಯಲು ಕೊಟ್ಟಿರಾ, ಮಲಗಿಸಿಯೇ ಇಟ್ಟಿದ್ದೀರಾ, ನೀರಿನ ಬಣ್ಣವೇನು ಎಂದೂ ಬರೆಯಬೇಕು. ಹೆಂಗಸಿನ ಜೊತೆ ಮಾತಾಡಿ ಏನು ತೀರ್ಮಾನ ಮಾಡಿದಿರಿ ಎಂದು ಬರೆಯಲು ಕೊನೆಯಲ್ಲಿ ಜಾಗ ಬಿಟ್ಟಿದ್ದಾರೆ. ನಮ್ಮ ಹಳೆಯ ಕೇಸ್ ಶೀಟಿನಲ್ಲಿ ಇಲ್ಲದಿದ್ದ ಜಾಗ ಅದು. ಈ ಹಾಳೆಯನ್ನು ನಮ್ಮ ದೇಶದ ನಾಲ್ಕು ಆಸ್ಪತ್ರೆಗಳಲ್ಲಿ ಬಳಸಿ ಪರೀಕ್ಷಿಸಿದ ಅಧ್ಯಯನದಲ್ಲಿ ಬೆಳಗಾವಿಯ ಜವಾಹರಲಾಲ್ ನೆಹರೂ ವೈದ್ಯಕೀಯ ಕಾಲೇಜಿನ ಸಂಶೋಧಕರು ಮುಂದಿದ್ದರು. ಹೆರಿಗೆ ಕೋಣೆಗೆ ಜೊತೆಗಾತಿಯನ್ನು ಬಿಡಬೇಕೆಂದು ಕೇಂದ್ರ ಆರೋಗ್ಯ ಇಲಾಖೆ 2016ರಲ್ಲೇ ಹೇಳಿದೆ; 2017ರ ‘ಲಕ್ಷ್ಯ’ ಯೋಜನೆ ಸರ್ಕಾರಿ ಹೆರಿಗೆ ಕೋಣೆಗಳಲ್ಲಿ ಗೌರವದ ಆರೈಕೆಯನ್ನು ಗುಣಮಟ್ಟದ ಅಳತೆಯಾಗಿಸಿದೆ; 2018ರಲ್ಲಿ ನರ್ಸ್‌ಗಳಿಗೆ 18 ತಿಂಗಳ ಮಿಡ್‌ವೈಫರಿ ತರಬೇತಿ ಕೊಡುವ ಮಾರ್ಗಸೂಚಿ ಬಂದಿದೆ. ಕಾಗದ ತಯಾರಿದೆ. ಮಂಚದ ಪಕ್ಕದಲ್ಲಿ ನಿಲ್ಲಲು ಕೈಗಳು ಬೇಕು. ನಾಲ್ಕು ಮಂಚಕ್ಕೆ ಒಬ್ಬಳನ್ನೇ ಬಿಟ್ಟು ತಾಳ್ಮೆಯ ಪಾಠ ಹೇಳಿದರೆ ಆ ಸಿಸ್ಟರ್‌ಗೂ ಅನ್ಯಾಯ.

2017ರಲ್ಲಿ ಹೆರಿಗೆ ರಜೆ 12 ವಾರದಿಂದ 26 ವಾರಕ್ಕೆ ಏರಿತು. ರಜೆಯ ಅರ್ಜಿ, ಇ.ಎಸ್.ಐ. ಕಾಗದ ತುಂಬಿಸಲು ಬಸುರಿಯರು ಮೊದಲಿಗಿಂತ ಹೆಚ್ಚಾಗಿ ನನ್ನ ಹತ್ತಿರ ಬರತೊಡಗಿದರು. ಆ ಹೊತ್ತನ್ನೇ ನಾನು ಪಾಠದ ಹೊತ್ತು ಮಾಡಿಕೊಂಡೆ. ಮೊದಲು ನೀರು ತಾನಾಗಿ ಹೋದರೆ ಏನು ಮಾಡಬೇಕೆಂದು ಹೇಳುತ್ತಿದ್ದೆ, ಏಕೆಂದರೆ ನೂರರಲ್ಲಿ 8ರಿಂದ 10 ಮಂದಿಗೆ ನೋವಿಗಿಂತ ಮುಂಚೆಯೇ ಹೋಗುತ್ತದೆ. ಒಮ್ಮೆ ಫಿನಿಶಿಂಗ್ ಸೆಕ್ಷನ್ನಿನ ಹುಡುಗಿಗೆ ಇಸ್ತ್ರಿ ಟೇಬಲ್ ಮುಂದೆಯೇ ಹೋಯಿತು. ಅವಳು ನಾಚಿಕೆಗೆ ಯಾರಿಗೂ ಹೇಳದೆ, ವೇಸ್ಟ್ ಬಟ್ಟೆಯಿಂದ ನೆಲ ಒರೆಸುತ್ತಾ ಕೂತಿದ್ದಳು. ಪಕ್ಕದವಳು ಓಡಿ ಬಂದು ನನ್ನನ್ನು ಕರೆದಳು. ಬಟ್ಟೆ ನೋಡಿದೆ, ನೀರು ತಿಳಿಯಾಗಿತ್ತು. ಗಂಟೆ ಬರೆದು ಅವಳ ಕೈಗೆ ಚೀಟಿ ಕೊಟ್ಟು ಆಸ್ಪತ್ರೆಗೆ ಕಳಿಸಿದೆವು. ಅಂದಿನಿಂದ ಎಲ್ಲರಿಗೂ ಹೇಳುವುದು ಇದು: ಗಂಟೆ ನೋಡಿಕೊಳ್ಳಿ, ಬಣ್ಣ ನೋಡಿಕೊಳ್ಳಿ, ನೋವು ಬರಲಿ ಎಂದು ಕಾಯದೆ ಆಸ್ಪತ್ರೆಗೆ ಹೋಗಿ. ಹಸಿರಿದ್ದರೆ, ರಕ್ತವಿದ್ದರೆ ತಡಮಾಡಬೇಡಿ. ಬಳ್ಳಿಯಂಥದ್ದೇನಾದರೂ ಕೈಗೆ ತಾಗಿದರೆ ನಡೆಯಬೇಡಿ. ಸೊಂಟದ ಕೆಳಗೆ ದಿಂಬಿಟ್ಟು ಎತ್ತರಿಸಿ ಮಲಗಿ, 108ಕ್ಕೆ ಫೋನ್ ಮಾಡಿಸಿ.

ಆಮೇಲೆ ಆಸ್ಪತ್ರೆಯಲ್ಲಿ ಕೇಳಬೇಕಾದ ಪ್ರಶ್ನೆಗಳು. ನೀರು ಒಡೆಯುತ್ತೀರಾ ಡಾಕ್ಟ್ರೇ? ಈಗ ಯಾಕೆ ಬೇಕು? ಇನ್ನೊಂದು ಗಂಟೆ ಕಾದರೆ ನನಗೆ, ಮಗುವಿಗೆ ತೊಂದರೆ ಇದೆಯಾ? ತಲೆ ಇಳಿದಿದೆಯಾ? ಒಡೆದ ಮೇಲೆ ಎದೆಬಡಿತ ನೋಡಿ ಹೇಳ್ತೀರಾ? ಹುಡುಗಿಯರು ಇದನ್ನು ಬಾಯಿಪಾಠ ಮಾಡಿಕೊಳ್ಳುತ್ತಿದ್ದರು. ಕೇಳಿದರೆ ಬೈಯುತ್ತಾರೆ ಎಂದು ಹೆದರಿದವರಿಗೆ, ಜೊತೆಯಲ್ಲಿ ಬರುವ ಅತ್ತೆಗೋ ಅಕ್ಕನಿಗೋ ಕಲಿಸಿಕೊಂಡು ಹೋಗಿ ಎನ್ನುತ್ತಿದ್ದೆ. ಕೆಲವರಿಗೆ ಬೈಗುಳ ಸಿಕ್ಕಿದ್ದೂ ನಿಜ. ಆದರೆ ಕೆಲವರಿಗೆ, “ಓ, ಹಾಗಾದರೆ ನೋಡೋಣ ಇರಿ” ಎಂಬ ಉತ್ತರವೂ ಸಿಕ್ಕಿತು. ಒಬ್ಬಳು ರಜೆ ಮುಗಿಸಿ ಬಂದು ಬಾಗಿಲಲ್ಲೇ ನಿಂತು, “ಸಿಸ್ಟರ್, ಕೇಳ್ದೆ! ಬೇಡ ಬಿಡಿ ಅಂದ್ರು, ತಾನಾಗೇ ಹೋಯ್ತು!” ಎಂದು ಹೇಳಿದಾಗ ಕ್ರೆಷ್‌ನಲ್ಲಿ ಮಲಗಿದ್ದ ಕೂಸುಗಳೆಲ್ಲ ಎದ್ದವು.

ನೀರು ಒಡೆಯುವುದನ್ನು ನಿಲ್ಲಿಸಿ ಎಂದು ನಾನು ಯಾರಿಗೂ ಹೇಳುತ್ತಿಲ್ಲ. ಬೇಕಾದಾಗ ಅದು ತಾಯಿಯ ಹೊಟ್ಟೆಯ ಮೇಲೆ ಕತ್ತಿ ಬೀಳುವುದನ್ನು ತಪ್ಪಿಸಬಹುದು. ನಾನು ಕೇಳುವುದು ಮೂರು: ಕಾರಣವಿದ್ದರೆ ಮಾತ್ರ ಮಾಡಿ, ಆ ಕಾರಣವನ್ನು ಮಲಗಿದವಳಿಗೆ ಅವಳ ಭಾಷೆಯಲ್ಲಿ ಹೇಳಿ ಅವಳ ಒಪ್ಪಿಗೆ ಪಡೆಯಿರಿ, ಆ ಕಾರಣವನ್ನೂ ಒಪ್ಪಿಗೆಯನ್ನೂ ಹಾಳೆಯ ಮೇಲೆ ಬರೆಯಿರಿ. ಇದಕ್ಕೆ ಹೊಸ ಯಂತ್ರ ಬೇಡ, ಖರ್ಚಿಲ್ಲ. ಒಂದು ಬೇನೆಗೂ ಇನ್ನೊಂದಕ್ಕೂ ನಡುವಿನ ಬಿಡುವು ಸಾಕು. ಮನೆಯಲ್ಲಿ ಮಗಳೋ ಸೊಸೆಯೋ ತುಂಬಿದ ಬಸುರಿಯಿದ್ದರೆ, ಹಸುಗೂಸಿನ ಬಟ್ಟೆ ಜೋಡಿಸುವಾಗ ಈ ಪ್ರಶ್ನೆಗಳನ್ನೂ ಜೊತೆಗೆ ಕಟ್ಟಿ ಕಳಿಸಿ. ಮತ್ತು ಈಗಾಗಲೇ ಹೆತ್ತು, ನೀರು ತಾನಾಗಿ ಒಡೆಯಲಿಲ್ಲವೆಂದು ಒಳಗೊಳಗೇ ಅಳುಕಿರುವ ಅಕ್ಕತಂಗಿಯರೇ, ನಿಮ್ಮ ಮೈ ತನ್ನ ಕೆಲಸವನ್ನು ಸರಿಯಾಗಿಯೇ ಮಾಡುತ್ತಿತ್ತು. ಕಾಯುವುದಕ್ಕೆ ಹೊತ್ತಿಲ್ಲದಿದ್ದದ್ದು ಬೇರೆಯವರಿಗೆ.